ಊದುಗೊಳವೆ ಡಾಕ್ಟರು

ಸ್ವಲ್ಪ ತಾಳಿ, ಪುಟ ಮಗುಚಬೇಡಿ. ಮೊದಲು ಅವರ ಕೆನ್ನೆ ಉಬ್ಬುವುದನ್ನು ನೋಡಿಬಿಡಿ. ಎಡಗಡೆಯ ದವಡೆ ಹಲ್ಲುಗಳೆಲ್ಲ ಹೋಗಿದ್ದರಿಂದ ಆ ಕೆನ್ನೆ ಇನ್ನೊಂದಕ್ಕಿಂತ ಜಾಸ್ತಿ ಉಬ್ಬುತ್ತಿತ್ತು. ಕಣ್ಣು ಸಣ್ಣದಾಗುತ್ತಿತ್ತು, ಕಿವಿಯ ಬುಡ ಕೆಂಪಾಗುತ್ತಿತ್ತು, ಆಮೇಲೆ ‘ಫುಪ್’ ಅಂತ ಒಂದೇ ಸದ್ದು. ಕೊಳವೆಯಿಂದ ಹೊರಟ ಸೂಜಿ ಬುಗುರಿಯ ಹಾಗೆ ಗಿರಗಿರ ತಿರುಗುತ್ತ ಹೋಗಿ, ಅಂಗಳದ ಕೊನೆಯಲ್ಲಿ ನಿಲ್ಲಿಸಿದ ಬಾಳೆದಿಂಡಿಗೆ ನೆಟ್ಟಿರುತ್ತಿತ್ತು.

ಅವರು ದನದ ಡಾಕ್ಟರು, ಸರ್ಕಾರಿ ಕೆಲಸದಿಂದ ನಿವೃತ್ತರಾದವರು. ನಾನು ಹೊನ್ನಾವರದಲ್ಲಿ ಪೈಪು, ನಲ್ಲಿ ಮಾರುವ ಅಂಗಡಿಯಲ್ಲಿದ್ದೆ. ಒಂದು ದಿನ ಬಂದವರು ಪಿವಿಸಿ ಪೈಪುಗಳನ್ನು ಒಂದೊಂದಾಗಿ ಎತ್ತಿ, ಒಂದು ಕಣ್ಣು ಮುಚ್ಚಿ ಒಳಗೆ ಇಣುಕತೊಡಗಿದರು.

“ನೀರಿಗೋ, ವಯರಿಂಗಿಗೋ?” ಎಂದೆ.

“ದನಕ್ಕೆ.”

“ದನಕ್ಕೆ ಪೈಪ್ ಎಂತಕ್ಕೆ ಡಾಕ್ಟ್ರೇ?”

“ಹತ್ರ ಹೋದ್ರೆ ಹಾಯ್ತದೆ. ದೂರದಿಂದ ಇಂಜೆಕ್ಷನ್ ಕೊಡೂಕೆ. ನೀ ನೋಡು ತಮಾ, ಆಚೆ ತುದಿ ದುಂಡಗೆ ಕಾಣ್ತದಾ, ಇಲ್ಲ ಮೊಟ್ಟೆ ಥರಾ?”

ನಮ್ಮ ಮಾಲೀಕರು ಗಲ್ಲಾದಿಂದಲೇ ಹೇಳಿದರು: “ಕೊಳಲು ಬಾರಿಸೂದಾದ್ರೆ ಮನೇಲೇ ಬಾರಿಸಿ ಮಾರಾಯ್ರೇ, ಇಲ್ಲಿ ಗಿರಾಕಿ ಇದ್ದಾರೆ.”

ಡಾಕ್ಟರು ಹಲ್ಲಿಲ್ಲದ ಕಡೆಯಿಂದ ನಕ್ಕರು. ಆ ಸಂಜೆ ನಾನೇ ಅವರ ಮನೆ ಹುಡುಕಿಕೊಂಡು ಹೋದೆ. ನನಗೆ ಇಂಥದ್ದೆಲ್ಲ ಹುಚ್ಚು. ಯಾವ ಕಾಲೇಜಿನಲ್ಲೂ ಕಲಿತದ್ದಲ್ಲ. ಬಿಚ್ಚಿ, ಕೆಡಿಸಿ, ಮತ್ತೆ ಜೋಡಿಸಿ ಕಲಿತದ್ದು.

ಅವರ ಸೂಜಿ ಸಾದಾ ಸಿರಿಂಜಿನದೇ. ಮುಂದಿನ ಅರ್ಧದಲ್ಲಿ ಮದ್ದು, ಹಿಂದಿನ ಅರ್ಧದಲ್ಲಿ ಒತ್ತಿ ತುಂಬಿದ ಗಾಳಿ. ಸೂಜಿಯ ತೂತು ಪಕ್ಕದಲ್ಲಿ, ಅದರ ಮೇಲೊಂದು ರಬ್ಬರು ತುಂಡು. ಚರ್ಮಕ್ಕೆ ತಾಗಿದೊಡನೆ ರಬ್ಬರು ಹಿಂದೆ ಸರಿದು, ಗಾಳಿ ಮದ್ದನ್ನು ಒಳಗೆ ನೂಕುತ್ತದೆ. ಬಾಲಕ್ಕೆ ಉಣ್ಣೆಯ ಕುಚ್ಚು. ಮನೆಯಂಗಳದಲ್ಲಿ ಇದೆಲ್ಲ ಚೆನ್ನಾಗಿ ನಡೆಯುತ್ತಿತ್ತು. ದನಗಳು ಅಲೆಯುವ ಹೆದ್ದಾರಿಯಲ್ಲಿ ಸಮುದ್ರದ ಗಾಳಿ ಬೀಸಿದರೆ ಮಾತ್ರ ಸೂಜಿ ಓರೆಯಾಗಿ ಎಲ್ಲೋ ಹೋಗುತ್ತಿತ್ತು. ನಾನು ಕುಚ್ಚು ತೆಗೆದು, ತೆಳು ಪ್ಲಾಸ್ಟಿಕ್ಕಿನ ಓರೆ ರೆಕ್ಕೆ ಅಂಟಿಸಿದೆ. ತಿರುಗತೊಡಗಿದ ಮೇಲೆ ಅದು ನೆಟ್ಟಗೆ ಹೋಯಿತು. ಖುಷಿಯಲ್ಲಿ ರೆಕ್ಕೆಯನ್ನು ಇನ್ನಷ್ಟು ಓರೆ ಮಾಡಿ ತಂದೆ. ಅವರು ಶಾಯಿ ತುಂಬಿ ಊದಿ, ಬಾಳೆದಿಂಡನ್ನು ಕತ್ತಿಯಿಂದ ಸೀಳಿ ತೋರಿಸಿದರು. ಒಳಗೆಲ್ಲ ಕಿತ್ತು ಹೋಗಿತ್ತು.

“ಮದ್ದು ಕೊಡೂದು ತಮಾ. ಬೈರಿಗೆ ಹಾಕೂದಲ್ಲ.”

ಮತ್ತೆ ರೆಕ್ಕೆಯ ಓರೆಯನ್ನು ಕಡಿಮೆ ಮಾಡುತ್ತ ಬಂದೆವು. ಕೊನೆಗೆ ದಿಂಡಿನೊಳಗೆ ಒಂದು ಸಣ್ಣ ತೂತು, ಅದರ ಸುತ್ತ ನೀಲಿ ಹೂವಿನ ಹಾಗೆ ಹರಡಿದ ಶಾಯಿ. “ಆತು,” ಎಂದರು. ಅವರ ಬಾಯಿಂದ ಬರುತ್ತಿದ್ದ ಅತಿ ದೊಡ್ಡ ಹೊಗಳಿಕೆ ಅದು.

ಇಷ್ಟೆಲ್ಲ ಒಂದು ಗೂಳಿಗಾಗಿ. ಕಾಯ್ಕಿಣಿಯ ಹತ್ತಿರ ಹೆದ್ದಾರಿಯಲ್ಲಿ ಅಲೆಯುತ್ತಿತ್ತು. ಕರುವಾಗಿದ್ದಾಗ ಯಾರೋ ಕಟ್ಟಿದ ನೈಲಾನ್ ಹಗ್ಗವನ್ನು ಬಿಚ್ಚದೆ ಬಿಟ್ಟುಬಿಟ್ಟಿದ್ದರು. ಮೈ ಬೆಳೆಯಿತು, ಹಗ್ಗ ಬೆಳೆಯಲಿಲ್ಲ. ಅದು ಕುತ್ತಿಗೆಯ ಮಾಂಸದೊಳಗೆ ಇಳಿದು, ಹುಳವಾಗಿ, ಉಸಿರು ಶಿಳ್ಳೆ ಹಾಕುತ್ತಿತ್ತು. ಹತ್ತಿರ ಹೋದವರನ್ನೆಲ್ಲ ಅಟ್ಟಿಸಿಕೊಂಡು ಬರುತ್ತಿತ್ತು. ಡಾಕ್ಟರು ಅದನ್ನು ‘ನೆಂಟ’ ಎನ್ನುತ್ತಿದ್ದರು. “ಮಳೆಗಾಲದೊಳಗೆ ನೆಂಟನ ಹಗ್ಗ ತೆಗೀದಿದ್ರೆ ಕಷ್ಟ ಉಂಟು.”

ನಾವು ಅಲ್ಲಿಗೆ ಹೋದ ದಿನ ಹೆದ್ದಾರಿ ಬದಿಯ ಗೂಡಂಗಡಿಯವನು ಕೊಳವೆ ನೋಡಿ, “ಡಾಕ್ಟ್ರು ಒಲೆ ಊದೂಕೆ ಬಂದ್ರಾ?” ಎಂದ.

“ಹೌದಾ. ನಿನ್ನ ಚಾ ಬಿಸಿನೇ ಇರೂದಿಲ್ಲಲ್ಲ,” ಎಂದವರೇ ಗೂಡಂಗಡಿಯ ಮರೆಯಿಂದ ಊದಿದರು. ಗಾಳಿ ಜೋರಿತ್ತು. ಸೂಜಿ ತಿರುಗುತ್ತ ಹೋಗಿ, ಅವರು ಹೇಳಿದ ಜಾಗಕ್ಕೇ, ಹಿಂದೊಡೆಗೆ ನಾಟಿತು. ಗೂಳಿ ಒಮ್ಮೆ ಚರ್ಮ ಕೊಡವಿತು, ಅಷ್ಟೇ.

ಅವರದೊಂದು ಕಟ್ಟುನಿಟ್ಟು ಇತ್ತು: ಹೊಡೆದ ಮೇಲೆ ನಾವು ಅಲ್ಲಿಲ್ಲದ ಹಾಗೆ ಇರಬೇಕು. ಹತ್ತಿರ ಸುಳಿದರೆ ಪ್ರಾಣಿ ಬೆದರಿ ಓಡುತ್ತದೆ, ಮಲಗಿಸುವ ಮದ್ದಿನ ಅಮಲು ಏರುವುದಿಲ್ಲ. ಹಾಗಾಗಿ ನಾವು ಹೆದ್ದಾರಿಯ ಈಚೆಯೇ ಉಳಿದೆವು. ಗೂಳಿ ರಸ್ತೆ ದಾಟಿ, ತೂರಾಡುತ್ತ, ಆಚೆಯ ಮನೆಯೊಂದರ ಅಂಗಳಕ್ಕೆ ಹೋಗಿ ಮೊಣಕಾಲೂರಿ ಮಲಗಿತು. ಡಾಕ್ಟರು ಹಗ್ಗ ಕತ್ತರಿಸುವ ಇಕ್ಕಳ ಕೈಗೆತ್ತಿಕೊಂಡರು. ರಸ್ತೆ ದಾಟಬೇಕು ಎನ್ನುವಾಗ ಟ್ಯಾಂಕರುಗಳ ಸಾಲು ಬಂತು.

ಆ ಸಾಲಿನ ಸಂದಿಯಲ್ಲಿ ನಾವು ನೋಡಿದೆವು. ಮನೆಯ ಅಜ್ಜಿ ಹೊರಗೆ ಬಂದಳು. ಅಂಗಳಕ್ಕೆ ಬಂದ ಜೀವ ಸಾಯುತ್ತಿದೆ ಎಂದುಕೊಂಡಳು. ಒಳಗೆ ಹೋಗಿ ತಂಬಿಗೆ ತಂದಳು, ತುಳಸಿಕಟ್ಟೆಯಿಂದ ಒಂದು ಕುಡಿ ಕಿತ್ತು ಹಾಕಿದಳು. ಗೂಳಿಯ ತಲೆಯನ್ನು ತನ್ನ ತೊಡೆಗೆ ಎತ್ತಿಕೊಂಡು ಬಾಯಿಗೆ ನೀರು ಬಿಡತೊಡಗಿದಳು.

“ಬೇಡಾ, ನೀರು ಬೇಡಾ,” ಎಂದು ಡಾಕ್ಟರು ಕೂಗಿದರು. ಅವರು ಹಾಗೆ ಕೂಗಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಟ್ಯಾಂಕರಿನ ಸದ್ದಿನಲ್ಲಿ ನನಗೇ ಅರ್ಧ ಕೇಳಿತು.

ಮದ್ದಿಗೆ ಮಲಗಿದ ಪ್ರಾಣಿಗೆ ನುಂಗಲು ಬರುವುದಿಲ್ಲ. ಬಾಯಿಗೆ ಬಿಟ್ಟದ್ದೆಲ್ಲ ಶ್ವಾಸಕೋಶಕ್ಕೆ ಹೋಗುತ್ತದೆ. ನಾವು ಅಲ್ಲಿಗೆ ಮುಟ್ಟುವಾಗ ತಂಬಿಗೆ ಖಾಲಿ. ಡಾಕ್ಟರು ತಲೆಯನ್ನು ತಗ್ಗಿಸಿ ಹಿಡಿದು, ಎಚ್ಚರ ತರುವ ಮದ್ದು ಕೊಟ್ಟರು, ಬೆನ್ನು ಗುದ್ದಿದರು. ನಡುವೆ ಹಗ್ಗವನ್ನೂ ಕತ್ತರಿಸಿದರು. ಅದು ಪೂರ್ತಿಯಾಗಿ ಈಚೆ ಬಂತು. ಮಧ್ಯಾಹ್ನದವರೆಗೆ ಎದೆಯೊಳಗೆ ನೀರು ಗುಳುಗುಳು ಎನ್ನುತ್ತಿತ್ತು, ಆಮೇಲೆ ಅದೂ ನಿಂತಿತು.

ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. “ಡಾಕ್ಟ್ರೇ, ನನ್ನ ಕೈ ನೀರು ಕುಡೀತಲ್ಲ ಪಾಪ? ಬಾಯಾರಿ ಹೋಗ್ಲಿಲ್ಲ ಅಲ್ದಾ?”

ನಾನು ಬಾಯಿ ತೆರೆದಿದ್ದೆ. ಡಾಕ್ಟರು ನನ್ನ ಮೊಣಕೈ ಹಿಡಿದರು.

“ಹೌದು ಅಬ್ಬೆ. ಕುಡ್ದೇ ಹೋತು.”

ಆಟೋದಲ್ಲಿ ಬರುವಾಗ ಕೇಳಿದೆ, ಯಾಕೆ ಹೇಳಲಿಲ್ಲ, ನಾಳೆ ಇನ್ನೊಂದಕ್ಕೂ ಬಿಡುತ್ತಾಳಲ್ಲ ಎಂದು. “ಹೇಳಿದ್ರೆ ಅವ್ಳು ಇನ್ನು ಯಾರ ಬಾಯಿಗೂ ನೀರು ಬಿಡೂದಿಲ್ಲ,” ಎಂದರು. ಆಟೋ ಇಳಿಯುವಾಗ, “ಎಂತ ಹೇಳ್ಬೇಕಿತ್ತು ಅಂತ ನಂಗೂ ಗೊತ್ತಿಲ್ಲ ತಮಾ,” ಎಂದರು.

ಆಮೇಲೆ ಅವರು ಊದಲಿಲ್ಲ. ನಾನು ಹೊಸ ರೆಕ್ಕೆ ಮಾಡಿಕೊಂಡು ಹೋದೆ, ಇನ್ನೂ ಹಗುರದ್ದು. ಬೆರಳಲ್ಲಿ ತಿರುಗಿಸಿ ನೋಡಿ, “ಚಲೋ ತಿರುಗ್ತದೆ,” ಎಂದು ವಾಪಸು ಕೊಟ್ಟರು. ಕೊಳವೆ ಹಿತ್ತಿಲಿನಲ್ಲಿ ಅಲಸಂದೆ ಬಳ್ಳಿಗೆ ಊರುಗೋಲಾಗಿ ನಿಂತಿತ್ತು. ಬಳ್ಳಿ ಅದನ್ನು ಸುತ್ತಿಕೊಂಡು ಮೇಲೇರಿತ್ತು. ಮುಟ್ಟಳ್ಳಿಯಿಂದ ಯಾರೋ ಕಾಲು ಮುರಿದ ದನಕ್ಕೆಂದು ಕರೆದರೂ ಹೋಗಲಿಲ್ಲ. ಬೇಡ, ಬೇಡ ಎಂದು ಕೈ ಆಡಿಸಿದರು.

ಮಳೆಗಾಲ ಮುಗಿಯುವ ಹೊತ್ತಿಗೆ ಅವರಿಗೆ ಲಕ್ವ ಹೊಡೆಯಿತು. ಹೊಡೆದದ್ದು ಎಡಭಾಗಕ್ಕೆ. ಅಷ್ಟು ಉಬ್ಬುತ್ತಿದ್ದ ಕೆನ್ನೆ ಖಾಲಿ ಚೀಲದ ಹಾಗೆ ಜೋತುಬಿತ್ತು. ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಎಂದರು. ನಾನು ಹೋದಾಗ ಉಸಿರು ಗುಳುಗುಳು ಎನ್ನುತ್ತಿತ್ತು. ಅದು ನಾನು ಮೊದಲೇ ಕೇಳಿದ್ದ ಸದ್ದು.

ತುಳಸಿ ಹಾಕಿದ ನೀರನ್ನು ಉದ್ಧರಣೆಯಲ್ಲಿ ತುಂಬಿ ಅವರ ಅಕ್ಕ ನನ್ನ ಕೈಗೆ ಕೊಟ್ಟರು. “ನೀನೂ ಬಿಡು ತಮಾ. ನಿನ್ನ ಕಂಡ್ರೆ ಅವಂಗೆ ಜೀವ.”

ಕೋಣೆಯಲ್ಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಡಾಕ್ಟರ ಕಣ್ಣು ಅರ್ಧ ತೆರೆದಿತ್ತು. ನಾನು ಮೆಲ್ಲಗೆ ಅವರ ಮುಖವನ್ನು ಒಂದು ಬದಿಗೆ ಹೊರಳಿಸಿದೆ. ಬೆರಳು ಅದ್ದಿ ತುಟಿಯನ್ನಷ್ಟೇ ಒದ್ದೆ ಮಾಡಿದೆ. ಉಳಿದ ನೀರು ಉದ್ಧರಣೆಯಲ್ಲೇ ಇತ್ತು. “ಇಷ್ಟೂ ಬಿಡೂದಲ್ವಾ?” ಎಂದು ಅಕ್ಕ ಕೇಳಿದರು. ಅವರೇ ನನ್ನ ಕೈಯಿಂದ ತೆಗೆದುಕೊಂಡು, ಮುಖವನ್ನು ನೆಟ್ಟಗೆ ಮಾಡಿ, ನೀರನ್ನು ಬಾಯಿಗೆ ಬಿಟ್ಟರು.

ಈಗ ಸೂಜಿ ನೆಟ್ಟಗೆ ಹೋಗುತ್ತದೆ. ಎಂಥ ಗಾಳಿಯಲ್ಲೂ ಹೋಗುತ್ತದೆ. ಆ ರೆಕ್ಕೆಗಳು ನನ್ನ ಡಬ್ಬಿಯಲ್ಲಿ ಹಾಗೇ ಇವೆ. ಕುಮಟೆಯಲ್ಲೋ ಭಟ್ಕಳದಲ್ಲೋ, ನೀವು ಎಲ್ಲೇ ಇರಿ, ಮಲಗಿದ ಜೀವದ ಹತ್ತಿರ ಯಾರಾದರೂ ನೀರು ಹಿಡಿದು ಬಂದಾಗ ನೀವು ತಡೆದದ್ದುಂಟಾ? ಎಂತ ಹೇಳಿ ತಡೆದಿರಿ? ಗೊತ್ತಿದ್ದವರು ದಯವಿಟ್ಟು ಬರೆದು ತಿಳಿಸಿ.