ನೆಲ ಬಿಡದ ಪಾದಗಳು

ಹೆರ್ಲಿಂದಾ ಅತ್ತಿಗೆ ಕುಂಟಿಯಾದರೆಂದು ಪೋರ್ಟ್ ಮ್ಯಾನ್ಸ್‌ಫೀಲ್ಡಿನ ಜನ ಹತ್ತು ತಿಂಗಳು ಮರುಗಿದರು. ನಮ್ಮೂರಿನವರಿಗೆ ಇನ್ನೊಬ್ಬರ ಬಗ್ಗೆ ಮರುಗುವುದೆಂದರೆ ಬಲು ಇಷ್ಟ. ನಾನು ಮಾತ್ರ ಆ ಹತ್ತು ತಿಂಗಳು ಅವರ ಮುಖ ನೋಡಿ ಸರಿಯಾಗಿ ಮಾತಾಡಲಿಲ್ಲ. ತಪ್ಪು ನನ್ನದಾಗಿತ್ತು.

ಅತ್ತಿಗೆ ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದವರು. ವಾರದ ಐದು ದಿನ ಮುನ್ನೂರು ಮಕ್ಕಳಿಗೆ ಬೇಯಿಸಿ ಬಡಿಸಿದರೂ ಶನಿವಾರ ಬೆಳಕು ಹರಿಯುವಷ್ಟರಲ್ಲಿ ಗಾಳದ ಕೋಲು ಹಿಡಿದು ನನ್ನ ದೋಣಿಯ ಬಳಿ ನಿಂತಿರುತ್ತಿದ್ದರು. ಅಣ್ಣ ಎಲ್ಪಿದಿಯೊಗೆ ನೀರೆಂದರೆ ಆಗದು. ಹಾಗಾಗಿ ಅತ್ತಿಗೆಯ ಜೊತೆಗಾರ ನಾನೇ.

ನಮ್ಮೂರ ಕಡಲ ಹಿನ್ನೀರು, ಲಗೂನಾ, ಮೈಲಿಗಟ್ಟಲೆ ಸೊಂಟದಷ್ಟೇ ಆಳ. ದೋಣಿ ನಿಲ್ಲಿಸಿ, ಇಳಿದು, ನಡೆಯುತ್ತಲೇ ಮೀನು ಹಿಡಿಯಬೇಕು. ಉಳಿದ ಹೆಂಗಸರು ದೋಣಿಯಲ್ಲೇ ಕೂತು ಜೀವಂತ ಸಿಗಡಿ ಚುಚ್ಚಿದ ಗಾಳ ಇಳಿಬಿಡುತ್ತಾರೆ. ಅತ್ತಿಗೆಗೆ ಅದೆಂದರೆ ತಾತ್ಸಾರ.

“ಸಿಗಡಿ ಹಾಕಿದ್ರೆ ಮೀನು ಹಿಡಿಯೋದು ಸಿಗಡಿ, ನಾನಲ್ಲ,” ಎನ್ನುತ್ತಿದ್ದರು.

ಅವರ ಡಬ್ಬಿಯಲ್ಲಿದ್ದದ್ದೆಲ್ಲ ಸುಳ್ಳು ಮೀನುಗಳು. ಬಾಲ ಅಲ್ಲಾಡಿಸುವ ಮೆತ್ತನೆಯ ರಬ್ಬರಿನವು, ನೀರಿನ ಮೇಲೆ ಅತ್ತಿತ್ತ ತಲೆ ತಿರುಗಿಸುತ್ತಾ ಬರುವ ಮರದವು. ಮರದ ಮೀನನ್ನು ಅವರು ದಾರದ ತುದಿಯಲ್ಲಿ ನಡೆಸುತ್ತಿದ್ದ ರೀತಿ ನೋಡಿದರೆ ಪೆಟ್ಟು ತಿಂದ ಮರಿಮೀನೇ ಒದ್ದಾಡುತ್ತಿದೆ ಎಂದು ನನಗೇ ಅನಿಸುತ್ತಿತ್ತು. ಇನ್ನು ಟ್ರೌಟ್ ಮೀನು ನಂಬದೆ ಬಿಡುತ್ತದೆಯೇ?

ಆ ನೀರಿನಲ್ಲಿ ನಿಯಮ ಒಂದೇ. ಪಾದ ಎತ್ತಿಡಬಾರದು, ನೆಲಕ್ಕೆ ಉಜ್ಜಿಕೊಂಡೇ ನಡೆಯಬೇಕು. ಕೆಸರಿನಡಿ ತೊರಕೆ ಮೀನು ಚಪ್ಪಟೆಯಾಗಿ ಮಲಗಿರುತ್ತದೆ. ಪಾದ ಪಕ್ಕದಿಂದ ತಾಗಿದರೆ ಎದ್ದು ಹೋಗುತ್ತದೆ, ಮೇಲಿಂದ ತುಳಿದರೆ ಬಾಲದ ಮುಳ್ಳಿನಿಂದ ಚುಚ್ಚುತ್ತದೆ. ಇದು ಇಲ್ಲಿ ಎಲ್ಲರಿಗೂ ಗೊತ್ತು. ದೊಡ್ಡ ಮೀನು ಗಾಳ ಕಚ್ಚಿದಾಗ ಎಲ್ಲರಿಗೂ ಮರೆತುಹೋಗುತ್ತದೆ.

ಹೋದ ಜುಲೈಯಲ್ಲಿ ಅತ್ತಿಗೆಯ ಗಾಳಕ್ಕೆ ದೊಡ್ಡದೊಂದು ಕೆಂಪುಮೀನು ಬಿತ್ತು. ಬಿದ್ದದ್ದೇ ಅವರ ಕಡೆಗೇ ನುಗ್ಗಿತು. ದಾರ ಸಡಿಲವಾದರೆ ಮೀನು ಕೈತಪ್ಪುತ್ತದೆ. ನಾನು ಮೂವತ್ತು ಮಾರು ದೂರದಿಂದ ಗಂಟಲು ಹರಿಯುವಂತೆ ಕೂಗಿದೆ, “ಓಡಿ ಅತ್ತಿಗೆ, ಹಿಂದಕ್ಕೆ ಓಡಿ.” ಅವರು ಓಡಿದರು. ಮೂರನೆಯ ಹೆಜ್ಜೆಗೆ ಚೀರಿಕೊಂಡು ಕುಸಿದರು.

ಮುಳ್ಳು ಹಿಮ್ಮಡಿಯ ಮೇಲೆ ಮೂಳೆಯವರೆಗೂ ಇಳಿದಿತ್ತು. ಕೀವಾಗಿ ಪಾದ ಉಳಿಯುತ್ತದೋ ಇಲ್ಲವೋ ಎಂದು ಮೂರು ವಾರ ಆಸ್ಪತ್ರೆಯಲ್ಲಿ ಕಾದೆವು. ಹೇಗಾಯಿತೆಂದು ಅಣ್ಣ ಕೇಳಿದ. “ಮೀನಿನ ಗಡಿಬಿಡೀಲಿ ಕಾಲೆತ್ತಿಬಿಟ್ರು,” ಎಂದೆ. ಮಂಚದ ಮೇಲಿದ್ದ ಅತ್ತಿಗೆ ಅದನ್ನು ಕೇಳಿಸಿಕೊಂಡರು. ಗೋಡೆಯ ಕಡೆ ಹೊರಳಿದರು. ನಾನೊಬ್ಬ ಹೇಡಿ ಎಂದು ನನಗೆ ಗೊತ್ತಾದದ್ದು ಆ ದಿನ.

ಗಾಯ ಮಾಗಿ ಅವರು ಕೆಲಸಕ್ಕೆ ಮರಳಿದರು. ಆದರೆ ನಡಿಗೆ ಕೆಟ್ಟಿತ್ತು. ಒಲೆಯಿಂದ ಕಟ್ಟೆಗೆ, ಕಟ್ಟೆಯಿಂದ ನಲ್ಲಿಗೆ, ಎಲ್ಲಿಗೆ ಹೋದರೂ ಎರಡೂ ಪಾದಗಳನ್ನು ನೆಲಕ್ಕೆ ಉಜ್ಜುತ್ತಾ ಹೋಗುತ್ತಿದ್ದರು. ಚರ್ಚಿನಲ್ಲಿ ಪ್ರಸಾದದ ಸಾಲು ಅವರ ಹಿಂದೆ ನಿಂತೇಬಿಡುತ್ತಿತ್ತು. ತಿಂಗಳಿಗೊಂದು ಜೊತೆ ಚಪ್ಪಲಿ ಸವೆಯಿತು.

“ನೆಲ ಒರೆಸೋಕೆ ಬೇರೆ ಆಳು ಬೇಡ ಬಿಡು, ಹೆರ್ಲಿಂದಾ ಇದಾಳಲ್ಲ,” ಎಂದಳಂತೆ ಜೊತೆಯ ಅಡುಗೆಯವಳು ಓಫೇಲಿಯಾ.

“ನಿನ್ನ ಬೀನ್ಸ್ ಕಾಳು ತಳ ಹಿಡೀತಿದೆ, ಮೊದ್ಲು ಅದನ್ನ ನೋಡ್ಕೊ,” ಎಂದರಂತೆ ಅತ್ತಿಗೆ, ಉಜ್ಜುತ್ತಲೇ ಮುಂದೆ ಹೋಗಿ.

ಈ ಮೇ ತಿಂಗಳ ಒಂದು ಶನಿವಾರ ಅವರು ದೋಣಿಕಟ್ಟೆಗೆ ಬಂದರು. ಕೈಯಲ್ಲಿ ಗಾಳದ ಕೋಲು, ಕಾಲಿಗೆ ಮೊಣಕಾಲವರೆಗೂ ದಪ್ಪ ಚರ್ಮದ ಕವಚ.

“ಅತ್ತಿಗೆ, ನಿಮಗೆ ನಡೆಯೋಕೇ ಆಗಲ್ವಲ್ಲ.”

ಅವರು ಕೋಲನ್ನು ನನ್ನ ಕೈಗೆ ಕೊಟ್ಟು ಹಲಗೆಯ ಮೇಲೆ ಹತ್ತು ಹೆಜ್ಜೆ ಹೋಗಿ ಬಂದರು. ಮೊಣಕಾಲೆತ್ತಿ, ಟಕ ಟಕ ಎಂದು, ನನಗಿಂತ ಚೆನ್ನಾಗಿ.

“ನಡೆಯೋಕೆ ಸೆಪ್ಟೆಂಬರಿಂದ್ಲೇ ಆಗುತ್ತೆ,” ಎಂದರು. “ಕಾಲು ಎತ್ತೋ ಚಾಳಿ ಬಿಡಬೇಕಿತ್ತು. ಅದಕ್ಕೇ ಒಲೆ ಹತ್ರ, ಚರ್ಚಲ್ಲಿ, ನಿದ್ದೆಗಣ್ಣಲ್ಲಿ ಬಚ್ಚಲಿಗೆ ಹೋಗುವಾಗ್ಲೂ ಉಜ್ಜಿದೆ. ಈಗ ನಾನು ಹೇಳೋದೇ ಬೇಡ, ಪಾದ ತಾನೇ ಉಜ್ಜುತ್ತೆ.”

“ಜನ ಕುಂಟಿ ಅಂತಿದ್ರಲ್ಲ ಅತ್ತಿಗೆ.”

“ಅನ್ಲಿ ಬಿಡು. ಅವರೇನು ನನ್ನ ಜೊತೆ ನೀರಿಗೆ ಬರ್ತಾರಾ?”

“ಅಣ್ಣ?”

“ನಿಮ್ಮಣ್ಣ ಬಾಯಿಗೆ ಬಂದ ಹಾಗೆ ಬೈದ್ರು. ಆಮೇಲೆ ಈ ಕವಚ ತಂದು ತಾವೇ ಕಟ್ಟಿದ್ರು. ನಡಿ, ಬಿಸಿಲೇರುತ್ತೆ.”

ದೋಣಿ ನಿಲ್ಲಿಸಿದ ಮೇಲೆ ಅತ್ತಿಗೆ ಅಂಚಿನಲ್ಲಿ ಕೂತು ಬಹಳ ಹೊತ್ತು ನೀರನ್ನೇ ನೋಡಿದರು. ಬೇಡ ಬಿಡಿ ಎನ್ನಬೇಕೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಇಳಿದೇಬಿಟ್ಟರು. ದೋಣಿಯ ಅಂಚು ಹಿಡಿದೇ ಒಂದು ಸುತ್ತು ಬಂದರು. ಎರಡನೆಯ ಸುತ್ತಿಗೆ ಕೈ ಬಿಟ್ಟರು. ಕಡಲಹುಲ್ಲಿನ ಅಂಚಿಗೆ ಹೋಗಿ ಮರದ ಮೀನನ್ನು ಎಸೆದರು.

ಐದನೆಯ ಎಸೆತಕ್ಕೆ ನೀರು ಚಿಮ್ಮಿತು. ನನ್ನ ತೋಳುದ್ದದ ಟ್ರೌಟ್, ಅದೂ ಅವರ ಕಡೆಗೇ ನುಗ್ಗಿತು. ನಾನು ಅಂಗೈಯಿಂದ ಬಾಯಿ ಮುಚ್ಚಿಕೊಂಡೆ. ಅತ್ತಿಗೆ ಒಂದೊಂದೇ ಪಾದ ಜಾರಿಸುತ್ತಾ ಹಿಂದೆ ಸರಿದರು. ಸಾಲಲಿಲ್ಲ. ದಾರ ಸಡಿಲವಾಯಿತು, ಟ್ರೌಟ್ ತಲೆ ಕೊಡವಿ ಮರದ ಮೀನನ್ನು ಉಗಿದು ಹೋಯಿತು.

ಅವರು ನನ್ನ ಕಡೆ ತಿರುಗಿದರು. “ಯಾಕೆ ಕೂಗ್ಲಿಲ್ಲ?”

“ಅವತ್ತು ಕೂಗಿದ್ದಕ್ಕೇ ಅಲ್ವಾ ಅತ್ತಿಗೆ. ಅಣ್ಣನಿಗೂ ನಾನು…”

“ಗೊತ್ತು. ನಾನೇನು ಕಿವುಡಿಯಾ?” ಅವರ ದನಿಯಲ್ಲಿ ಸಿಟ್ಟಿತ್ತು, ಹತ್ತು ತಿಂಗಳ ಸಿಟ್ಟು. “ಸುತ್ತ ಸದ್ದೇ ಇಲ್ದಾಗ ಎಲ್ರ ಕಾಲೂ ನೆಲದ ಮೇಲೇ ಇರುತ್ತೆ ರೊಹೆಲಿಯೊ. ಮುಂದಿನ ಮೀನಿಗೆ ನೀನು ಕೂಗಬೇಕು. ಅವತ್ತಿನ ಹಾಗೇ.”

“ನನ್ನಿಂದಾಗಲ್ಲ.”

“ಆಗ್ಬೇಕು. ನಿನ್ನ ಕೂಗು ಕೇಳಿದ್ರೂ ಕಾಲು ಏಳಲ್ಲ ಅಂತ ಗೊತ್ತಾಗೋ ತನಕ ನಾನು ಮನೆಗೆ ಬರೋಳಲ್ಲ.”

ಬಿಸಿಲು ಏರಿತು. ಅತ್ತಿಗೆ ರಬ್ಬರಿನ ಮೀನು ಕಟ್ಟಿಕೊಂಡು ಎಸೆಯುತ್ತಲೇ ಇದ್ದರು. ಸುಮಾರು ಎರಡು ಗಂಟೆ ಕಳೆದ ಮೇಲೆ ಕೋಲು ಬಿಲ್ಲಾಗಿ ಬಾಗಿತು. ಕೆಂಪುಮೀನು. ಮೊದಲು ದೂರ ಓಡಿ, ಆಮೇಲೆ ತಿರುಗಿ ನೇರವಾಗಿ ಅವರತ್ತ ಬಂತು.

“ಓಡಿ ಅತ್ತಿಗೆ,” ಎಂದು ನಾನು ಕೂಗಿದೆ. ಕಣ್ಣಲ್ಲಿ ನೀರು ಬರುತ್ತಿತ್ತು. “ಹಿಂದಕ್ಕೆ ಓಡಿ.”

ಅವರ ಭುಜ ಬೆಚ್ಚಿಬಿದ್ದದ್ದು ನನಗೆ ಕಾಣಿಸಿತು. ಪಾದ ಏಳಲಿಲ್ಲ. ಎಡಗಾಲು ಜಾರಿತು, ಬಲಗಾಲು ಜಾರಿತು, ಕೆಸರು ಒಂದೇ ಗೆರೆಯಾಗಿ ಏಳುತ್ತಾ ಹೋಯಿತು. ಹಿಮ್ಮಡಿಯ ಹತ್ತಿರದಿಂದ ತೊರಕೆಯೊಂದು ಎದ್ದು ಪಕ್ಕಕ್ಕೆ ಸರಿದುಹೋಯಿತು. ಅತ್ತಿಗೆ ಅದನ್ನು ನೋಡಿದರು, ದಾರ ಸುತ್ತುವುದನ್ನು ನಿಲ್ಲಿಸಲಿಲ್ಲ.

“ಇನ್ನೂ ಜೋರಾಗಿ,” ಎಂದರು.

ನಾನು ಕೂಗಿದೆ.