ಹಕ್ಕಿಮನೆಯೂ ನನ್ನ ಕೈಗುಣವೂ

ಸಣ್ಣ ಹಕ್ಕಿಗಳನ್ನು ಸಾಕುವುದು ಬಹಳ ಸೊಗಸಾದ ಹವ್ಯಾಸ ಎಂದು ಯಾರಾದರೂ ಹೇಳಿದರೆ ನನಗೆ ಇವತ್ತಿಗೂ ಮೊದಲು ನೆನಪಾಗುವುದು ವಾಸನೆ. ನೆನೆದ ನವಣೆ, ಹಿಕ್ಕೆ, ಒದ್ದೆ ಗರಿ ಎಲ್ಲ ಸೇರಿ ಹುಳಿತುಹೋದ ವಾಸನೆ. ಸೀರೆಗೆ ಹತ್ತಿದರೆ ಎಷ್ಟು ಒಗೆದರೂ ಬಿಡುತ್ತಿರಲಿಲ್ಲ. ಹಾಡುತ್ತವಲ್ಲ ಅಂತಾರೆ. ನಮ್ಮ ಮನೆಯವು ಹಾಡಲಿಲ್ಲ. ಮಕ್ಕಳ ಪೀಪಿಯ ಹಾಗೆ ಬೆಳಗಿನಿಂದ ಸಂಜೆಯವರೆಗೆ ಪೀಂ ಪೀಂ ಎಂದು ತಲೆ ತಿನ್ನುತ್ತಿದ್ದವು.

ನಾನು ಮದುವೆಯಾಗಿ ಕೃಷ್ಣಮೂರ್ತಿಪುರಂನ ಆ ಮನೆಗೆ ಬಂದದ್ದು ಐವತ್ತರ ದಶಕದ ನಡುವೆ. ಸ್ವಲ್ಪ ಕಾಲಕ್ಕೆ ಮಾವನವರಿಗೆ ಕಚೇರಿಯಿಂದ ನಿವೃತ್ತಿಯಾಯಿತು. ಜೀವಮಾನವೆಲ್ಲ ಗುಮಾಸ್ತರನ್ನು ಗದರಿಸಿ ಅಭ್ಯಾಸವಾಗಿದ್ದವರು. ಮನೆಯಲ್ಲಿ ಗದರಿಸಲು ಜನ ಸಾಲದೆ ಹಕ್ಕಿ ತಂದರು ಅಂತ ನಾನು ಮನಸ್ಸಿನಲ್ಲೇ ಅಂದುಕೊಂಡೆ. ಬಡಗಿಯನ್ನು ಕರೆಸಿ ಹಿತ್ತಲಿನಲ್ಲಿ ನಮ್ಮ ದೇವರಮನೆಯಷ್ಟು ದೊಡ್ಡದೊಂದು ಹಕ್ಕಿಮನೆ ಕಟ್ಟಿಸಿದರು. ತೇಗದ ಚೌಕಟ್ಟು, ಸುತ್ತ ತಂತಿಬಲೆ, ಮೇಲೆ ಹೆಂಚು, ಒಳಗೆ ಗೂಡಿಗೆಂದು ತೂಗುಹಾಕಿದ ಮಣ್ಣಿನ ಕುಡಿಕೆಗಳು. ಮಾರ್ಕೆಟ್ಟಿನ ಹತ್ತಿರದ ಹಕ್ಕಿ ವ್ಯಾಪಾರಿಯಿಂದ ಕೆಲವು ಜೋಡಿ ಫಿಂಚುಗಳು ಬಂದವು. ಗುಬ್ಬಚ್ಚಿಗಿಂತ ಚಿಕ್ಕವು, ಕೆಂಪು ಕೊಕ್ಕು, ಗಂಡಿಗೆ ಕಿತ್ತಳೆ ಬಣ್ಣದ ಕೆನ್ನೆ. ನೋಡಲು ಚೆನ್ನಾಗಿದ್ದವು, ಅದನ್ನು ಇಲ್ಲವೆನ್ನುವುದಿಲ್ಲ.

ಅವತ್ತು ಊಟಕ್ಕೆ ಕೂತಾಗ ಮಾವನವರು ಅತ್ತೆಗೆ ಹೇಳಿದರು: "ಆ ವ್ಯಾಪಾರಿ ಏನಂದ ಗೊತ್ತೇನೇ? ಮರಿ ಆದಾಗ ಕೋಳಿಮೊಟ್ಟೆ ಬೇಯಿಸಿ ಪುಡಿಮಾಡಿ ಹಾಕಬೇಕಂತೆ. ಇಲ್ದಿದ್ರೆ ಮರಿ ಉಳಿಯಲ್ವಂತೆ. ನಮ್ಮನೇಲಿ ಮೊಟ್ಟೆ!"

"ಕೃಷ್ಣ ಕೃಷ್ಣ, ಅನ್ನದ ಮುಂದೆ ಆ ಮಾತ್ಯಾಕೆ?" ಎಂದರು ಅತ್ತೆ.

"ನಮ್ಮನೆ ಹಕ್ಕಿ ನಮ್ಮ ಹಾಗೇ ಇರ್ತವೆ ಬಿಡು" ಎಂದು ಮಾವನವರು ಸಾರಿಗೆ ಕೈಹಾಕಿದರು.

ಹೀಗೆ ಹಕ್ಕಿಗಳೂ ಮಡಿಯವಾದವು. ದಿನಾ ಪೂಜೆ ಮುಗಿಸಿ, ಉಪ್ಪು ಒಗ್ಗರಣೆ ಇಲ್ಲದ ಹೆಸರುಬೇಳೆ ಕೋಸಂಬರಿಯನ್ನು ದೇವರಿಗೆ ನೈವೇದ್ಯ ಮಾಡಿ, ಅದನ್ನೇ ತಟ್ಟೆಯಲ್ಲಿ ತಂದು ಹಕ್ಕಿಮನೆಯಲ್ಲಿಡುತ್ತಿದ್ದರು. ಏಕಾದಶಿಯ ದಿನ ಬರೀ ಬಾಳೆಹಣ್ಣು. ಯಾರಾದರೂ ಮನೆಗೆ ಬಂದರೆ, "ಶುದ್ಧ ಸಸ್ಯಾಹಾರಿಗಳು ಕಣ್ರೀ" ಎಂದು ತಮ್ಮ ಸ್ವಂತ ಮಕ್ಕಳ ಬಗ್ಗೆಯೂ ಹೇಳದಷ್ಟು ಹೆಮ್ಮೆಯಿಂದ ಹೇಳುತ್ತಿದ್ದರು.

ಪ್ರಸಾದ ತಿಂದವು ಹಾಕುವ ಹಿಕ್ಕೆ ಬಳಿಯುವ ಕೆಲಸ ಮಾತ್ರ ನನ್ನದು. ನವಣೆಯ ಹೊಟ್ಟು ಗಾಳಿಗೆ ಹಾರಿ ಕಾಫಿಯಲ್ಲಿ ತೇಲುತ್ತಿತ್ತು, ಒಣಹಾಕಿದ ಸಂಡಿಗೆಗೆ ಅಂಟುತ್ತಿತ್ತು. ನೀರಿನ ಬಟ್ಟಲಲ್ಲಿ ಅವು ಸ್ನಾನವನ್ನೂ ಮಾಡಿ, ಅದರಲ್ಲೇ ಹಿಕ್ಕೆಯನ್ನೂ ಹಾಕಿ, ಅದನ್ನೇ ಕುಡಿಯುತ್ತಿದ್ದವು. ಬಳಿದು ಮುಗಿಸಿದ ಮೇಲೆ ತಲೆಗೆ ಸ್ನಾನ ಮಾಡದೆ ನಾನು ಅಡುಗೆಮನೆ ಹೊಗುವಂತಿರಲಿಲ್ಲ. ಹಿಕ್ಕೆ ಮೈಲಿಗೆ, ಹಕ್ಕಿ ಮಡಿ. ನನ್ನ ಗಂಡನಿಗೆ ಹೇಳಿದರೆ ಪೇಪರಿನ ಹಿಂದಿನಿಂದ "ಹೂಂ" ಎನ್ನುತ್ತಿದ್ದರು, ಅಷ್ಟೇ.

ಕುಡಿಕೆಯಲ್ಲಿ ಮೊಟ್ಟೆಯಿಟ್ಟವು, ಮರಿಯೂ ಆದವು. ಮಾವನವರು ಬೀದಿಗೆಲ್ಲ ಸಕ್ಕರೆ ಹಂಚಿದರು. ಎರಡು ಮೂರು ದಿನ ಕಳೆದಿರಬೇಕು, ಬೆಳಿಗ್ಗೆ ಪೊರಕೆ ಹಿಡಿದು ಒಳಗೆ ಹೋದರೆ ಮರಿಗಳು ನೆಲದ ಮೇಲೆ ಬಿದ್ದಿದ್ದವು. ಬೆತ್ತಲೆ ಮೈ, ತೆರೆಯದ ಕಣ್ಣು, ಮೈತುಂಬ ಇರುವೆ. ಹೆತ್ತವೇ ಎತ್ತಿ ಹೊರಗೆ ಎಸೆದಿದ್ದವು. ಎಸೆದ ತಾಯಿ ಮೇಲಿನ ಕೋಲಿನ ಮೇಲೆ ಕೂತು ಪೀಂ ಅನ್ನುತ್ತಿತ್ತು. ಮುತ್ತುಗದೆಲೆಯಲ್ಲಿ ಎತ್ತಿಕೊಂಡು ಹೋಗಿ ಕರಿಬೇವಿನ ಗಿಡದ ಬುಡದಲ್ಲಿ ಹೂತೆ. ಆಮೇಲೆ ಒಗ್ಗರಣೆಗೆ ಆ ಗಿಡದ ಎಲೆ ಕೀಳಲು ಮನಸ್ಸೇ ಬರುತ್ತಿರಲಿಲ್ಲ.

ಮತ್ತೊಂದು ಜೋಡಿಯದೂ ಹಾಗೇ ಆಯಿತು. ಅದಾದ ಮೇಲೊಂದರದೂ ಹಾಗೇ. ವ್ಯಾಪಾರಿಯ ಮಾತು ಮಾವನವರಿಗೆ ನೆನಪಿರಲಿಲ್ಲವೆಂದಲ್ಲ. ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟವರು ಅತ್ತೆ: "ಇವಳ ಕೈಗುಣ ಕಣ್ರೀ. ಇವಳು ಹೆಪ್ಪು ಹಾಕಿದ್ರೆ ಮೊಸರೇ ಆಗಲ್ಲ, ಇನ್ನು ಮರಿ ಉಳಿಯತ್ಯೇ?"

ಒಂದು ಚಳಿಗಾಲದ ಬೆಳಿಗ್ಗೆ ಒಂದೇ ಒಂದು ಸಲ ಮೊಸರು ಹೆಪ್ಪುಗಟ್ಟಿರಲಿಲ್ಲ. ಮದುವೆಯಾಗಿ ಕೆಲವು ವರ್ಷವಾದರೂ ನನಗಿನ್ನೂ ಮಕ್ಕಳಾಗಿರಲಿಲ್ಲ. ಮೊಸರು, ಮರಿ, ನನ್ನ ಹೊಟ್ಟೆ ಎಲ್ಲಕ್ಕೂ ಒಂದೇ ಕಾರಣ ಸಿಕ್ಕಿತು. ಡಾಕ್ಟರ ಬಗ್ಗೆ ಹೇಳುವಾಗ, ಅಡುಗೆಯವರ ಬಗ್ಗೆ ಹೇಳುವಾಗ ಕೈಗುಣ ಎಷ್ಟು ಒಳ್ಳೆಯ ಮಾತು! ಅದನ್ನು ಹೀಗೂ ಬಳಸಬಹುದೆಂದು ನನಗೆ ಆ ಮನೆಯಲ್ಲೇ ಗೊತ್ತಾದದ್ದು.

ಅದೇ ವರ್ಷ ನನ್ನ ನಾದಿನಿ ಹೆರಿಗೆಗೆ ತವರಿಗೆ ಬಂದಳು. ಹೆಣ್ಣುಮಗು, ತಲೆತುಂಬ ಕೂದಲು. ಬಿಸಿನೀರು ಕಾಯಿಸಿದವಳು ನಾನು, ಸಾಂಬ್ರಾಣಿ ಹೊಗೆ ಹಿಡಿದವಳು ನಾನು, ಬಟ್ಟೆ ಒಗೆದವಳು ನಾನು. ಮಗು ಅತ್ತಾಗ ಕೈ ಚಾಚಿದರೆ ಅತ್ತೆ ನಡುವೆ ಬಂದು, "ನೀನು ಬೇಡ ಕಣಮ್ಮ, ನಿನ್ನ ಕೈಗೆ ಹಕ್ಕಿಮರೀನೇ ಉಳೀಲಿಲ್ಲ" ಎನ್ನುತ್ತಿದ್ದರು. ಗಟ್ಟಿಯಾಗಿ ಅಲ್ಲ, ಬಹಳ ಮೃದುವಾಗಿ. ನಾದಿನಿ ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು. ಆ ಮಗುವನ್ನು ಒಮ್ಮೆ ಎತ್ತಿಕೊಳ್ಳಬೇಕೆಂದು ನನಗೆ ಎಷ್ಟು ಆಸೆಯಿತ್ತೆಂದರೆ, ಅದರ ಬಟ್ಟೆ ಮಡಿಸುವಾಗ ಮೂಗಿಗೆ ಹಿಡಿದುಕೊಳ್ಳುತ್ತಿದ್ದೆ.

ಹಕ್ಕಿಮನೆಯಲ್ಲಿ ಮತ್ತೆ ಮರಿಯಾಯಿತು. ಹಿತ್ತಲ ಬಾಗಿಲಿಗೆ ಬರುವ ಹಾಲಿನವಳು ಕೋಳಿ ಸಾಕಿದ್ದಳು. ಅವಳನ್ನು ಕೇಳಿದೆ. ಮಾರನೆಯ ದಿನ ಸೆರಗಿನ ಗಂಟು ಬಿಚ್ಚಿ, "ತಕ್ಕಳಿ ಅಮ್ಮಾವ್ರೇ, ಬೇಯ್ಸೇ ತಂದಿವ್ನಿ. ನಿಮ್ಮನೇಲಿ ಒಲೆ ಮ್ಯಾಲಿಕ್ಕಂಗಿಲ್ವಲ್ಲ" ಎಂದು ನಕ್ಕಳು.

ಹುಟ್ಟಿದಾಗಿನಿಂದ ನಾನು ಮೊಟ್ಟೆ ಮುಟ್ಟಿದವಳಲ್ಲ. ಸಿಪ್ಪೆ ಬಿಡಿಸಿದಾಗ ಬಂದ ಗಬ್ಬಿಗೆ ಎರಡು ಸಲ ವಾಕರಿಕೆ ಬಂತು. ಹಳದಿ ಭಾಗ ಬೆರಳ ಸಂದಿಯಲ್ಲಿ ಮೆತ್ತಿಕೊಂಡಿತು. ಮೂಗು ಹಿಡಿದುಕೊಂಡು ಹಿಸುಕಿ, ತೆಂಗಿನ ಚಿಪ್ಪಿನಲ್ಲಿ ಹಾಕಿಟ್ಟೆ. ಅಯ್ಯೋ, ಆ ಶುದ್ಧ ಸಸ್ಯಾಹಾರಿಗಳು ಮುಗಿಬಿದ್ದ ಪರಿ ನೋಡಬೇಕಿತ್ತು! ಕೋಸಂಬರಿಯ ತಟ್ಟೆಯ ಮೇಲೆ ಹಿಕ್ಕೆ ಹಾಕಿಕೊಂಡೇ ಹಾರಿ ಬಂದವು. ದಿನಾ ಹಾಗೇ ಮಾಡಿದೆ. ಮರಿಗಳಿಗೆ ರೆಕ್ಕೆ ಬಂತು. ಒಂದು ದಿನ ನಾಲ್ಕು ಮರಿಗಳೂ ಕುಡಿಕೆಯಿಂದ ಹೊರಬಂದು ಕೋಲಿನ ಮೇಲೆ ಸಾಲಾಗಿ ಕೂತವು.

"ಎಲ್ಲ ನೈವೇದ್ಯದ ಮಹಿಮೆ" ಎಂದು ಮಾವನವರು ತಂತಿಬಲೆಗೇ ಕೈಮುಗಿದರು. ಅತ್ತೆ ಮಗುವನ್ನು ಎತ್ತಿಕೊಂಡು ಹಿತ್ತಲಿಗೆ ಬಂದರು. ಮರಿಗಳನ್ನು ನೋಡಿದರು, ನನ್ನನ್ನು ನೋಡಿದರು. ಮುಖದಲ್ಲಿ ಏನೋ ಕರಗಿದ ಹಾಗಾಯಿತು.

"ನಿನ್ನ ಕೈಗುಣ ತಿರುಗ್ತು ಕಣೇ. ತಗೋ, ಎತ್ಕೊ" ಎಂದು ಮಗುವನ್ನು ನನ್ನ ಕಡೆ ಚಾಚಿದರು.

ಎತ್ತಿಕೊಳ್ಳಬೇಕಾಗಿತ್ತು. ತಿಂಗಳುಗಟ್ಟಲೆ ಕಾದಿದ್ದೆ. ಆದರೆ ನಾಲ್ಕು ಹಕ್ಕಿಮರಿ ಬದುಕಿದ್ದಕ್ಕೆ ನನಗೆ ಮಗು ಕೊಡುತ್ತಿದ್ದಾರಲ್ಲ ಎಂದು ಅಸಹ್ಯವಾಯಿತು. ನಾನೇನು ಹರಾಜಿನ ಹಸುವೇ, ಹಲ್ಲು ನೋಡಿ ಪರವಾಗಿಲ್ಲ ಅನ್ನಿಸಿಕೊಳ್ಳಲು?

"ಕೈಗುಣ ಅಲ್ಲ ಅತ್ತೆ, ಮೊಟ್ಟೆ. ದಿನಾ ಈ ಕೈಯಲ್ಲೇ ಹಿಸುಕಿ ಹಾಕ್ತಿದೀನಿ. ಇವತ್ತಿಂದು ಇನ್ನೂ ತೊಳೆದಿಲ್ಲ" ಎಂದು ಎರಡೂ ಕೈ ಬಿಡಿಸಿ ತೋರಿಸಿದೆ.

ಅತ್ತೆ ಮಗುವನ್ನು ಎದೆಗೆ ಅವುಚಿಕೊಂಡು ಒಳಗೆ ಓಡಿದರು. ಹಿತ್ತಲಿಗೆಲ್ಲ ಸಗಣಿನೀರು ಹಾಕಿಸಿದರು. ನನಗೆ ಅಡುಗೆಮನೆ ಬಂದ್ ಆಯಿತು. ಮಾವನವರು ಅಂದು ರಾತ್ರಿ ಊಟ ಬಿಟ್ಟರು.

ಮಾರನೆಯ ಬೆಳಿಗ್ಗೆ ಹಿತ್ತಲ ಬಾಗಿಲಲ್ಲಿ ನಿಂತು, ಎತ್ತಲೋ ನೋಡುತ್ತ ಕೇಳಿದರು: "ಹಾಲಿನವಳು ಬಂದಿದ್ಲೇನಮ್ಮ? ಹಕ್ಕೀದು ತಂದ್ಲಾ?"

ಅಂದಿನಿಂದ ನಮ್ಮ ಮನೆಯಲ್ಲಿ ಮೊಟ್ಟೆಯ ಹೆಸರು 'ಹಕ್ಕೀದು' ಎಂದಾಯಿತು. ಹಕ್ಕೀದಕ್ಕೆಂದು ಬೇರೆ ಬಟ್ಟಲು ಬಂತು, ಅದನ್ನಿಡಲು ಹಿತ್ತಲ ಗೋಡೆಯಲ್ಲಿ ಒಂದು ಗೂಡು. ಅತ್ತೆಯೇ ಮರೆಯದೆ ನೆನಪಿಸುತ್ತಿದ್ದರು: "ಹಕ್ಕೀದು ಹಾಕಿದ್ಯಾ?"

ಬಾಣಂತನ ಮುಗಿದು ನಾದಿನಿ ಹೊರಟ ದಿನ ಬಾಗಿಲಲ್ಲಿ ಜಟಕಾ ನಿಂತಿತ್ತು. ಮಗು ನನ್ನನ್ನು ನೋಡಿ ಬೊಚ್ಚುಬಾಯಿ ಬಿಟ್ಟು ನಕ್ಕಿತು. ನನ್ನ ಕೈ ತಾನಾಗಿಯೇ ಮುಂದೆ ಹೋಯಿತು.

"ಮಗೂನ ನಾನು ಎತ್ಕೋತೀನಿ" ಎಂದರು ಅತ್ತೆ. "ನೀನು ಆ ಹಾಸಿಗೆ ಸುರುಳಿ ತಗೊಂಡು ಬಾ."