ನಡುಮನೆಯ ಬೋರು

ಮಾನ್ವಿಯ ನಮ್ಮ ಮನೆಗೆ ಯಾರೇ ಬಂದರೂ ಅಪ್ಪ ಮೊದಲು ತೋರಿಸುವುದು ಬೋರನ್ನು. ಅದಕ್ಕಾಗಿ ಹಿತ್ತಲಿಗೆ ಹೋಗಬೇಕಾಗಿಲ್ಲ. ಕೊಳವೆ ನಡುಮನೆಯ ನೆಲದಿಂದಲೇ ಎದ್ದಿದೆ. ಅದರ ಪಕ್ಕ ಈ ಬೇಸಿಗೆಯವರೆಗೂ ಕಲ್ಲಿನ ತೊಟ್ಟಿ ಇತ್ತು, ತೊಟ್ಟಿಯ ಪಕ್ಕ ಅಪ್ಪನ ಮಂಚ. ಜನ ಮನೆ ಕಟ್ಟಿ ಬೋರು ಹಾಕಿಸುತ್ತಾರೆ. ಅಪ್ಪ ಬೋರು ಹಾಕಿಸಿ, ಅದರ ಸುತ್ತ ಮನೆ ಕಟ್ಟಿದರು.

ಅದಕ್ಕೆ ಕಾರಣವಿದೆ. ಅಪ್ಪ ಹುಟ್ಟಿದ ಹಳ್ಳಿಯಲ್ಲಿ ನಮ್ಮವರು ಬಾವಿಯ ಹತ್ತಿರ ಹೋಗುವಂತಿರಲಿಲ್ಲ. ಮುತ್ಯಾ, ಅಂದರೆ ನನ್ನ ಅಜ್ಜ, ಕೊಡ ಕೆಳಗಿಟ್ಟು ದೂರ ನಿಲ್ಲಬೇಕು, ಯಾರಾದರೂ ಮೇಲಿಂದ ಸುರಿಯಬೇಕು. ಸುರಿಯುವವರಿಗೆ ಮನಸ್ಸಾಗದಿದ್ದರೆ ನಿಂತೇ ಇರಬೇಕು. ಅಪ್ಪ ಆ ಕೊಡದ ಪಕ್ಕದಲ್ಲಿ ನಿಂತು ಬೆಳೆದವರು. ಮುಂದೆ ಬುದ್ಧನಿಗೆ ಕೈಮುಗಿದರು, ಸರ್ಕಾರಿ ಶಾಲೆಯಲ್ಲಿ ಗಣಿತ ಕಲಿಸಿದರು, ಈ ಜಾಗ ಕೊಂಡರು. ನೀರು ಅಂಗಳದಲ್ಲಿದ್ದರೆ ನಾಳೆ ಯಾರೋ ಬಂದು ಗಡಿ ಅಳೆದು ತಕರಾರು ತೆಗೆದಾರು; ಬಾಗಿಲ ಒಳಗಿದ್ದರೆ ಯಾರ ಅಪ್ಪಣೆಯೂ ಬೇಡ. ಇದು ಅವರ ಗಣಿತ.

ಆ ನೀರಿನಿಂದಲೇ ಪ್ರತಿ ಬೇಸಿಗೆ ನಮ್ಮ ಗೇಟಿನ ಮುಂದೆ ಅರವಟ್ಟಿಗೆ ನಡೆಯುತ್ತಿತ್ತು. ಬೇವಿನ ನೆರಳಿನಲ್ಲಿ ದೊಡ್ಡ ಮಣ್ಣಿನ ರಂಜಣಿಗೆಗಳು, ಅವುಗಳಿಗೆ ಸುತ್ತಿದ ಒದ್ದೆ ಗೋಣಿತಟ್ಟು. ಬೇರೆ ಅರವಟ್ಟಿಗೆಗಳಲ್ಲಿ ಬಾಯಾರಿದವರೇ ಮೊಗೆದುಕೊಂಡು ಕುಡಿಯುತ್ತಾರೆ. ನಮ್ಮಲ್ಲಿ ಹಾಗಿಲ್ಲ. ಅಪ್ಪ ಕುರ್ಚಿ ಹಾಕಿಕೊಂಡು ಕೂತು ತಮ್ಮ ಕೈಯಾರೆ ಮೊಗೆದು ಕೊಡುತ್ತಾರೆ. ಅವರೊಡನೆ ಪಾಠ ಮಾಡಿ ನಿವೃತ್ತರಾದ ಆಚಾರ್ರು, ಅಂದರೆ ಗುಡಿಯ ಪೂಜೆಯ ಮನೆತನದವರು, ದಿನಾ ಬಂದು ಒಂದು ಲೋಟ ಕುಡಿದು ಹೋಗುತ್ತಾರೆ. ಆ ಲೋಟ ಅವರ ಕೈ ಸೇರುವಾಗ ಅಪ್ಪನ ಮುಖ ನೋಡಬೇಕು. ನಾನು ಎಲ್ಲರ ಮುಖವನ್ನೂ ಅನುಕರಿಸಬಲ್ಲೆ. ಅದೊಂದನ್ನು ಇನ್ನೂ ಸಾಧಿಸಿಲ್ಲ.

ಅನುಕರಣೆಯೇ ನನಗೆ ಕೆಲಸ ಕೊಡಿಸಿದ್ದು. ರಾಯಚೂರಿನ ಕಾಲೇಜೊಂದರಲ್ಲಿ ಮನೆಗಳ ಕುಡಿಯುವ ನೀರನ್ನೂ ಒಳಗಿನ ಗಾಳಿಯನ್ನೂ ಪರೀಕ್ಷಿಸುವ ಯೋಜನೆ ನಡೆಯುತ್ತಿದೆ. ಅದರ ಮೇಡಂ ಮೈಸೂರು ಕಡೆಯವರು. "ತಾವು ದಯವಿಟ್ಟು ಸಹಕರಿಸಬೇಕು" ಎಂದು ಅವರು ಕೇಳಿದರೆ ದೇವದುರ್ಗದ ಹೆಂಗಸರು ಬಾಗಿಲು ಹಾಕಿಕೊಳ್ಳುತ್ತಿದ್ದರು. ನಾನು ಹೋಗಿ ಆ ಮೇಡಂ ಥರವೇ ಮಾತಾಡಿ ತೋರಿಸಿದರೆ ನಕ್ಕು ಒಳಗೆ ಕರೆದು ಚಹಾ ಕೊಡುತ್ತಿದ್ದರು. ನೀರಿನ ಫ್ಲೋರೈಡ್ ಏನು ಮಾಡುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಸುಮ್ಮನೆ ಹಲ್ಲು ಕಿಸಿಯುತ್ತೇನೆ. ಅಪ್ಪನಿಗೆ ವರ್ಗವಾಗಿದ್ದ ಊರುಗಳ ಕೈಪಂಪುಗಳೆಲ್ಲ ನನ್ನ ಹಲ್ಲಿನ ಮೇಲೆ ಕಂದು ಬಣ್ಣದಲ್ಲಿ ಗೆರೆ ಎಳೆದು ಹೋಗಿವೆ. ಅದಕ್ಕಿಂತ ಒಳ್ಳೆಯ ಭಿತ್ತಿಪತ್ರ ಯೋಜನೆಯ ಬಳಿ ಇಲ್ಲ.

ಕಷ್ಟ ಇದ್ದದ್ದು ರೇಡಾನ್ ವಿಷಯದಲ್ಲಿ. ನಮ್ಮ ನೆಲದಡಿಯ ಗ್ರಾನೈಟ್ ಬಂಡೆಯಿಂದ ಹೊರಡುವ ಗಾಳಿ ಅದು. ಬಣ್ಣವಿಲ್ಲ, ವಾಸನೆಯಿಲ್ಲ. ನೆಲದ ಬಿರುಕಿನಿಂದಲೂ ಬರುತ್ತದೆ, ಬೋರಿನ ನೀರಿನಲ್ಲಿ ಕರಗಿಕೊಂಡೂ ಬರುತ್ತದೆ. ನೀರು ಸುರಿದಾಗ ಹೊರಬಿದ್ದು ಮುಚ್ಚಿದ ಕೋಣೆಯಲ್ಲಿ ಉಳಿಯುತ್ತದೆ. ವರ್ಷಾನುಗಟ್ಟಲೆ ಉಸಿರಾಡಿದರೆ ಶ್ವಾಸಕೋಶಕ್ಕೆ ಕ್ಯಾನ್ಸರಿನ ಅಪಾಯ. ಅದನ್ನು ಅಳೆಯಲು ಬೆಲ್ಲದಚ್ಚಿನಷ್ಟು ದೊಡ್ಡ ಡಬ್ಬಿಯೊಂದನ್ನು ಕೋಣೆಯಲ್ಲಿ ಕೆಲವು ತಿಂಗಳು ನೇತುಹಾಕುತ್ತೇವೆ. ದೇವದುರ್ಗದ ಒಬ್ಬ ಅಜ್ಜಿ ಅದನ್ನು ಬಿಚ್ಚಿ ಕಿಟಕಿಯಲ್ಲಿ ಕಟ್ಟಿದ್ದಳು. ಯಾಕೆಂದು ಕೇಳಿದರೆ, "ಒಳಗ ಭಾಳ ಸೆಕಿ ಅದ ಯಪ್ಪಾ. ಅದಕ್ಕರ ಒಂದೀಟು ಗಾಳಿ ಬ್ಯಾಡೇನು?" ಎಂದಳು. ಆ ಲೆಕ್ಕ ಹಾಳಾಯಿತು. ಆದರೆ ಯಾವ ಡಬ್ಬಿಗೂ ಅಷ್ಟು ಮರ್ಯಾದೆ ಸಿಕ್ಕಿರಲಿಕ್ಕಿಲ್ಲ.

ಎಲ್ಲರ ಮನೆ ಸುತ್ತಿದ ಮೇಲೆ ನಮ್ಮ ಮನೆ ಬಿಡುವಂತಿರಲಿಲ್ಲ. ನೆಲದಿಂದ ಎದ್ದ ಕೊಳವೆ, ಒಳಗೇ ಸುರಿಯುವ ನೀರು, ಬಿಸಿಲಿಗೆ ಹೆದರಿ ಸದಾ ಮುಚ್ಚಿದ ಕಿಟಕಿ: ರೇಡಾನ್‌ಗೆ ನಾವೇ ಪತ್ರ ಬರೆದು ಕರೆಸಿದಂತಿತ್ತು. ಡಬ್ಬಿ ತೂಗುಹಾಕುವಾಗ ಅಪ್ಪ ಮಂಚದ ಮೇಲಿಂದ ಕೇಳಿದರು.

"ಏನ್ಲೇ ಅದು?"

"ಗಾಳಿ ಹಿಡಿಯೋ ಡಬ್ಬಿ ಅದ ಯಪ್ಪಾ."

"ನಿನ್ನ ಬಾಯಾಗ ಕಟ್ಟಿಕೋ. ಮಸ್ತ್ ಗಾಳಿ ಸಿಗ್ತದ."

ಅವ್ವ ಅಡುಗೆಮನೆಯಲ್ಲೇ ನಕ್ಕಳು. ನನ್ನ ನಾಲಿಗೆ ಎಲ್ಲಿಂದ ಬಂತೆಂದು ಇನ್ನು ಹೇಳಬೇಕಾಗಿಲ್ಲ. ಡಬ್ಬಿಗೆ ಅಪ್ಪ ಒಪ್ಪಿದರು. ಪರೀಕ್ಷೆಯ ನೀರಿನ ಬಾಟಲಿಯನ್ನು ನಾನು ತುಂಬಲು ಮಾತ್ರ ಒಪ್ಪಲಿಲ್ಲ.

"ನೀನು ತುಂಬಿದ್ರ ನಿನ್ನ ಮೇಡಂಗ ಬೇಕಾದಂಗ ಬರ್ತದ. ನಾ ತುಂಬತೀನಿ."

ಮೂರು ಬಾಟಲಿ ತುಂಬಿ ತಂದರು: ಒಂದರಲ್ಲಿ ನಮ್ಮ ಬೋರಿನ ನೀರು, ಒಂದರಲ್ಲಿ ಊರಿನ ನಲ್ಲಿಯದು, ಒಂದರಲ್ಲಿ ಶುದ್ಧ ನೀರಿನ ಘಟಕದ್ದು. ಮೇಲೆ ಬರೀ ಅಂಕಿ ಬರೆದಿದ್ದರು. ಯಾವ ಅಂಕಿ ಯಾವ ನೀರು ಎಂಬುದು ಅವರಿಗಷ್ಟೇ ಗೊತ್ತು. ಉತ್ತರಪತ್ರಿಕೆಯ ಮೇಲೆ ಹುಡುಗರ ಹೆಸರು ಮುಚ್ಚಿ ತಿದ್ದುವುದು ಅವರ ಹಳೆಯ ಪದ್ಧತಿ. ನೀರಿಗೂ ಅದೇ ನ್ಯಾಯ.

ಬೇಸಿಗೆ ಶುರುವಾಗುವ ಹೊತ್ತಿಗೆ ಎರಡೂ ಫಲಿತಾಂಶ ಒಟ್ಟಿಗೆ ಬಂದವು. ನಾನು ರಾಯಚೂರು ಬಸ್‌ಸ್ಟ್ಯಾಂಡಿನ ಧ್ವನಿವರ್ಧಕದ ಹೆಂಗಸಿನ ದನಿಯಲ್ಲಿ ಓದಿದೆ: "ಪ್ರಯಾಣಿಕರ ಗಮನಕ್ಕೆ. ಮೂರನೇ ಬಾಟಲಿ ಉತ್ತಮ. ಒಂದನೇ ಬಾಟಲಿ ನಡೆದೀತು. ಎರಡನೇ ಬಾಟಲಿಯಲ್ಲಿ ಫ್ಲೋರೈಡ್ ಮಿತಿ ಮೀರಿದ್ದು, ದಯವಿಟ್ಟು ಯಾರೂ ಹತ್ತಬಾರದು."

ಅಪ್ಪ ನಗಲಿಲ್ಲ. ಎರಡನೆಯದು ಯಾವುದೆಂದು ನಾನು ಕೇಳಲಿಲ್ಲ. ನಡುಮನೆಯ ಗಾಳಿಯಲ್ಲಿ ರೇಡಾನ್ ಹೆಚ್ಚಿದೆ ಎಂಬುದನ್ನು ನನ್ನ ಸ್ವಂತ ದನಿಯಲ್ಲೇ ಹೇಳಿದೆ.

"ಕಾಯಿಸಿ ಕೊಟ್ರ?" ಎಂದರು ಅಪ್ಪ.

"ರೇಡಾನ್ ಹೋಗ್ತದ. ಫ್ಲೋರೈಡ್ ಹೋಗಂಗಿಲ್ಲ, ಇನ್ನೂ ಗಟ್ಟಿ ಆಗ್ತದ."

ಅವರು ಎದ್ದು ತೊಟ್ಟಿಯ ಅಂಚಿಗೆ ಕೈಯಿಟ್ಟರು. "ಅಂದ್ರ ಅರವಟ್ಟಿಗಿ ಮುಚ್ಚಬೇಕು. ಇಲ್ಲಾಂದ್ರ ಕೊಡ ಹಿಡಕೊಂಡು ಮತ್ತ ಯಾರದೋ ನೀರಿಗೆ ನಿಂದರಬೇಕು. ಹೌದಿಲ್ಲೋ?"

ಉತ್ತರ ಕೊಟ್ಟದ್ದು ಅವ್ವ.

"ನಿಂದರ್ರಿ, ಏನಾಗ್ತದ? ಘಟಕದಾಗ ಮ್ಯಾಲಿಂದ ಸುರಿಯಾಕ ಯಾರೂ ಇಲ್ಲ. ಬಟನ್ ಒತ್ತಿದ್ರ ಬರ್ತದ. ಮಷೀನಿಗೆ ನಿಮ್ಮ ಜಾತಿ ಗೊತ್ತಾಗಂಗಿಲ್ಲ."

ಮರುದಿನ ಬೆಳಿಗ್ಗೆ ಅಪ್ಪ ಇಸ್ತ್ರಿ ಅಂಗಿ ಹಾಕಿ, ಶಾಲೆ ತನಿಖೆಗೆ ಹೊರಟವರಂತೆ ಕ್ಯಾನುಗಳನ್ನು ಸ್ಕೂಟರಿಗೆ ಕಟ್ಟಿಸಿದರು. ಘಟಕದ ಮುಂದೆ ಉದ್ದ ಸಾಲು. ಮುಂದಿದ್ದ ಅವರ ಹಳೆಯ ವಿದ್ಯಾರ್ಥಿಯೊಬ್ಬ ಎದ್ದುಬಿದ್ದು ಬಂದ. "ಸರ, ನೀವ್ಯಾಕ ನಿಂದ್ರತೀರಿ? ನನ್ನ ಮುಂದ ಬರ್ರಿ."

"ಬ್ಯಾಡಪಾ, ಪಾಳಿ ಅದ," ಎಂದರು ಅಪ್ಪ. ತಮ್ಮ ಪಾಳಿ ಬಂದಾಗ ಬಟನನ್ನು ನನಗೆ ಒತ್ತಲು ಬಿಡಲಿಲ್ಲ.

ಬೋರಿನ ವಿಚಾರ ಬೇಗ ಇತ್ಯರ್ಥವಾಯಿತು. ಪ್ಲಂಬರ್ ನೀರಿನ ಪೈಪನ್ನು ಗೋಡೆ ಕೊರೆದು ಹಿತ್ತಲಿಗೆ ಒಯ್ದ. ನೆಲದಲ್ಲಿ ಕೊಳವೆಯ ಸುತ್ತಲಿನ ಬಿರುಕುಗಳಿಗೆ ಸಿಮೆಂಟು ತುಂಬಿದ. ತೊಟ್ಟಿ ಹೊರಗೆ ಹೋಯಿತು, ಕಿಟಕಿ ತೆರೆಯಿತು. ಈಗ ಆ ನೀರು ಬಟ್ಟೆಗೆ, ಪಾತ್ರೆಗೆ, ಬೇವಿನ ಮರಕ್ಕೆ. ಅಪ್ಪನದು ಒಂದೇ ಷರತ್ತು: "ನೀರು ಎಲ್ಲಿಗರ ಹೋಗಲಿ. ಮೋಟರಿನ ಸ್ವಿಚ್ ಮಾತ್ರ ನನ್ನ ಮಂಚದ ಬಾಜೂಕ ಇರಬೇಕು." ಹೊಸ ಡಬ್ಬಿ ತೂಗುಹಾಕಿದ್ದೇನೆ, ಕಿಟಕಿಯಲ್ಲಲ್ಲ.

ಅರವಟ್ಟಿಗೆ ಆ ವಾರವೇ ಶುರುವಾಯಿತು. ಮೊದಲ ದಿನವೇ ಆಚಾರ್ರು ಬಂದು, ಅಪ್ಪನ ಕೈಯಿಂದ ಲೋಟ ತೆಗೆದುಕೊಂಡು ಕುಡಿದು, ನಾಲಿಗೆ ಚಪ್ಪರಿಸಿದರು.

"ಏನ್ರೀ ಮಾಸ್ತರ, ನೀರು ಬ್ಯಾರೆ ಅದಲ್ಲ?"

ಅಪ್ಪ ಸುಳ್ಳು ಹೇಳಬಹುದಿತ್ತು. ರಂಜಣಿಗೆಯೊಳಗಿನ ನೀರಿಗೆ ಹೆಸರಿರುವುದಿಲ್ಲ.

"ಬ್ಯಾರೆ ಅದರೀ. ನಮ್ಮ ಬೋರು ಪರೀಕ್ಷಾದಾಗ ಫೇಲಾತು. ಇದು ಪಾಸಾದ ನೀರು, ಪಾಳಿ ನಿಂತು ತಂದೀನಿ."

ಆಚಾರ್ರು ಖಾಲಿ ಲೋಟವನ್ನು ಹಿಡಿದುಕೊಂಡೇ ಯೋಚಿಸಿದರು. "ಮತ್ತ ನಮ್ಮ ಹಿತ್ತಲ ಬಾವಿದು? ಮಡಿ ನೀರು ಅಂತ ಮನ್ಯಾಗೆಲ್ಲಾರೂ ಅದನ್ನ ಕುಡಿಯಾಕತ್ತೀವಿ."

"ಮಡಿ ಬ್ಯಾರೆ, ಫ್ಲೋರೈಡ್ ಬ್ಯಾರೆ ರೀ," ಎಂದರು ಅಪ್ಪ. "ಒಂದು ಬಾಟಲಿ ತುಂಬಿಕೊಂಡು ಬರ್ರಿ. ಹೆಸರು ಹಾಕಬ್ಯಾಡ್ರಿ, ನಂಬರ್ ನಾ ಹಾಕತೀನಿ."

ಸಂಜೆ ಅವರು ತಮ್ಮ ಬಾವಿಯ ನೀರನ್ನು ತಾವೇ ಸೇದಿ, ಬಾಟಲಿಯಲ್ಲಿ ತುಂಬಿ, ಪಂಚೆಯ ತುದಿಯಿಂದ ಒರೆಸಿಕೊಂಡು ತಂದರು. ಅಪ್ಪ ಕುರ್ಚಿಯಿಂದ ಎದ್ದು ಎರಡೂ ಕೈಯಲ್ಲಿ ಇಸಿದುಕೊಂಡು, ಕನ್ನಡಕ ಹಾಕಿ, ನಿಧಾನವಾಗಿ ಅದರ ಮೇಲೆ ಅಂಕಿ ಬರೆಯತೊಡಗಿದರು.